ಆಸ್ಪತ್ರೆಯ ಗುಟ್ಟು ಕಾದ ಸಂಗಮ್ಮ

ಮಸ್ಕಿಯ ಕಿರಾಣಿ ಅಂಗಡಿಯವರ ಮಗಳು ಸಂಗಮ್ಮ ಸಿಂಧನೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರಿದ್ದು ೧೯೮೪ರಲ್ಲಿ. ಗಂಡ ತೀರಿಕೊಂಡ ಮೇಲೆ ಅಣ್ಣಂದಿರ ಮನೆಯಲ್ಲಿ ಕೂತು ಉಣ್ಣಲು ಅವಳಿಗೆ ಮನಸ್ಸೊಪ್ಪಲಿಲ್ಲ. ದಿನಾ ಬೆಳಿಗ್ಗೆ ಬಸ್ಸು ಹಿಡಿದು ಹೋಗುತ್ತಿದ್ದಳು. ಬಂದವರ ಹೆಸರು, ಊರು, ಬೇನೆ, ಕೊಟ್ಟ ಔಷಧ ಬರೆದಿಡುವುದು ಅವಳ ಕೆಲಸ. ಹದಿಮೂರು ವರ್ಷದಲ್ಲಿ ನಾಲ್ಕು ಕಪಾಟು ತುಂಬಿದವು. ಹೆಸರು ಹೇಳಿದರೆ ಸಾಕು, ಸಂಗಮ್ಮ ಎದ್ದುಹೋಗಿ ಆ ಕಾಗದವನ್ನೇ ಎಳೆದು ತರುತ್ತಿದ್ದಳು.

೧೯೯೭ರಲ್ಲಿ ಕಂಪ್ಯೂಟರ್ ಬಂತು. ತಂದು ಕೂಡಿಸಿದವನು ರಾಯಚೂರಿನ ಶೇಷಗಿರಿ.

"ಅಮ್ಮಾ, ಇದಕ್ಕೊಂದು ಗುಟ್ಟಿನ ಪದ ಇಡ್ರಿ, ಪಾಸ್‌ವರ್ಡ್ ಅಂತಾರ. ಯಾರಿಗೂ ಹೇಳಬ್ಯಾಡ್ರಿ. ನನಗೂ ಹೇಳಬ್ಯಾಡ್ರಿ," ಎಂದು ಅವನೇ ಕಲಿಸಿದ. ಸಂಗಮ್ಮ ಗಂಡ ತನ್ನನ್ನು ಕರೆಯುತ್ತಿದ್ದ ಮುದ್ದಿನ ಹೆಸರನ್ನು ಇಟ್ಟಳು. ಅದನ್ನು ಬಲ್ಲವರು ಯಾರೂ ಉಳಿದಿರಲಿಲ್ಲ.

ನಲವತ್ತು ದಾಟಿದವಳು ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಾ, ಹನ್ನೊಂದು ತಿಂಗಳಲ್ಲಿ ಎಲ್ಲ ಕಾಗದಗಳನ್ನೂ ಮಷೀನಿಗೆ ಏರಿಸಿದಳು. ಪ್ರತಿ ಶನಿವಾರ ಅಷ್ಟನ್ನೂ ಫ್ಲಾಪಿಗಳಿಗೆ ನಕಲು ಮಾಡಿ ತನ್ನ ಡ್ರಾದಲ್ಲಿ ಬೀಗ ಹಾಕಿ ಇಡುತ್ತಿದ್ದಳು. ಕಪಾಟಿನ ಕಾಗದ ರದ್ದಿಗೆ ಹೋಯಿತು. ಅದು ಹೋಗುವ ಮುನ್ನ, ಯಾವ ರೋಗಿಗೆ ಯಾವ ಇಂಜೆಕ್ಷನ್ ಆಗಿಬರುವುದಿಲ್ಲ ಎಂಬುದಷ್ಟನ್ನು ಅವಳು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಯಾರೂ ಹೇಳಿರಲಿಲ್ಲ. ಜೀವದ ಮಾತು, ಕೈಯಲ್ಲೂ ಇರಲಿ ಅನ್ನಿಸಿತು.

ಆಸ್ಪತ್ರೆಯ ಮ್ಯಾನೇಜರ್ ಅಮರಗುಂಡಪ್ಪ, ಆಸ್ಪತ್ರೆ ನಡೆಸುವ ಡಾಕ್ಟರರ ಹೆಂಡತಿಯ ತಮ್ಮ. ಒಂದು ದಿನ ಬಂದು ನಿಂತ.

"ಸಂಗಮ್ಮ, ಆ ಪಾಸ್‌ವರ್ಡ್ ಹೇಳ್ರಿ."

"ಯಾರಿಗೂ ಹೇಳಬಾರದಂತ್ರಿ. ನಿಮಗ ಏನು ಬೇಕೋ ಕೇಳ್ರಿ, ತಗದು ಕೊಡ್ತೀನಿ."

"ಸಂಬಳದ ಹೆಣ್ಮಗಳು ನೀ. ಮಷೀನ್ ನಿಮ್ಮಪ್ಪಂದೇನು?"

ವಿಷಯ ಡಾಕ್ಟರರ ತನಕ ಹೋಯಿತು. ಅವರು ತಲೆ ಎತ್ತದೆ, "ಹೇಳಿಬಿಡ್ರಿ ಸಂಗಮ್ಮ, ಮನಿಯವನೇ ಅದಾನ," ಅಂದರು. ಎಲ್ಲರೆದುರು ಅವಳು ಆ ಹೆಸರನ್ನು ಬಾಯಿಬಿಟ್ಟು ಹೇಳಬೇಕಾಯಿತು. ಅಮರಗುಂಡಪ್ಪ ಗಹಗಹಿಸಿ ನಕ್ಕ. ಮರುದಿನ ಆ ಹೆಸರು ಚೀಟಿಯಾಗಿ ಕಂಪ್ಯೂಟರಿನ ನೆತ್ತಿಯ ಮೇಲೆ ಅಂಟಿತ್ತು. ಸಂಗಮ್ಮ ಕಿತ್ತರೆ ಅವನು ಮತ್ತೆ ಅಂಟಿಸಿದ. ಫ್ಲಾಪಿಗಳನ್ನೂ ಡ್ರಾದಿಂದ ತೆಗೆಸಿಕೊಂಡ. ಅವುಗಳಲ್ಲಿದ್ದುದನ್ನು ಅಳಿಸಿ ಕಂಪ್ಯೂಟರ್ ಆಟ ತುಂಬಿಸಿಕೊಂಡ.

ಅಷ್ಟರಲ್ಲಿ ಶೇಷಗಿರಿಗೂ ಅಮರಗುಂಡಪ್ಪನಿಗೂ ರಿಪೇರಿಯ ವಿಷಯಕ್ಕೆ ಜಗಳವಾಯಿತು. ಒಂದು ಭಾನುವಾರ, ಸಂಗಮ್ಮನ ರಜೆಯ ದಿನ, ಶೇಷಗಿರಿ ಮಷೀನ್ ನೋಡುವ ನೆವದಲ್ಲಿ ಬಂದು ಕೂತ. ಗುಟ್ಟಿನ ಪದ ಕಣ್ಣೆದುರೇ ಇತ್ತು. ಒಳಗೆ ಹೊಕ್ಕು ರೋಗಿಗಳ ಎಲ್ಲ ಬರಹಕ್ಕೂ ತನ್ನದೇ ಗುಟ್ಟಿನ ಪದದ ಬೀಗ ಹಾಕಿ ಹೋದ. ಸೋಮವಾರ ಫೋನ್ ಮಾಡಿದ: "ಮೂವತ್ತು ಸಾವಿರ ಕೊಡ್ರಿ, ಬಿಚ್ಚತೀನಿ. ಇಲ್ಲಾಂದ್ರ ಹಂಗೇ ಇರ್ಲಿ."

ಅಮರಗುಂಡಪ್ಪ ಬೆರಳು ತೋರಿಸಿದ್ದು ಸಂಗಮ್ಮನ ಕಡೆಗೆ. "ಪಾಸ್‌ವರ್ಡ್ ಇಟ್ಟಾಕಿ ಈಕಿ. ಈಕೀನೇ ಅವನಿಗೆ ಹೇಳ್ಯಾಳ."

"ಚೀಟಿ ಹಚ್ಚಿದವರು ಯಾರ್ರಿ?" ಎಂದಳು ಸಂಗಮ್ಮ. ಡಾಕ್ಟರರು ಮುಂದಿನ ರೋಗಿಯನ್ನು ಕರೆದರು. ಚೀಟಿ ಅಷ್ಟರಲ್ಲೇ ಮಾಯವಾಗಿತ್ತು.

ಬುಧವಾರ ಪಾಮನಕಲ್ಲೂರಿನ ಆದೆಮ್ಮನನ್ನು ಜ್ವರದಲ್ಲಿ ಎಚ್ಚರವಿಲ್ಲದ ಹಾಗೆ ಹೊತ್ತು ತಂದರು. ಹಳೆಯ ಬರಹ ನೋಡಲು ದಾರಿಯಿಲ್ಲ. ಕಾಂಪೌಂಡರ್ ಹಸನ್‌ಸಾಬ್ ಪೆನಿಸಿಲಿನ್ ಸೂಜಿ ತುಂಬಿಕೊಂಡು ನಿಂತಿದ್ದ. ಹೆಸರು ಕಿವಿಗೆ ಬಿದ್ದದ್ದೇ ಸಂಗಮ್ಮ ನೋಟ್‌ಬುಕ್ ತಿರುವುತ್ತಾ ಓಡಿ ಬಂದಳು.

"ತಡೀರಿ ಹಸನ್‌ಸಾಬ್! ಪೆನಿಸಿಲಿನ್ ಈಕಿಗೆ ಆಗಂಗಿಲ್ಲ. ತೊಂಬತ್ತೊಂದರಾಗ ಮೈಯೆಲ್ಲ ಬಾತು ಉಸಿರು ಕಟ್ಟಿತ್ತು."

ಹಸನ್‌ಸಾಬ್ ಕೈ ಹಿಂದೆಳೆದ. "ಯಾ ಅಲ್ಲಾ, ಕೊಂದೇಬಿಡ್ತಿದ್ದೆ," ಎಂದು ಕೂತುಬಿಟ್ಟ. ಬೇರೆ ಔಷಧ ಕೊಟ್ಟರು. ಆದೆಮ್ಮ ಉಳಿದಳು.

ಸಂಜೆ ಡಾಕ್ಟರರು ಸಂಗಮ್ಮನನ್ನು ಒಳಗೆ ಕರೆದರು. ನಾಲ್ಕು ಒಳ್ಳೆಯ ಮಾತು ಬಂದೀತು ಎಂದುಕೊಂಡು ಹೋದಳು. ಅಮರಗುಂಡಪ್ಪ ಅವಳ ಡ್ರಾದಿಂದ ತೆಗೆದು ತಂದಿದ್ದ ನೋಟ್‌ಬುಕ್ಕನ್ನು ಮೇಜಿನ ಮೇಲೆ ಎಸೆದ. "ನೋಡ್ರಿ ಭಾವ, ಆಸ್ಪತ್ರಿ ಬರಹ ಕದ್ದು ಬರಕೊಂಡಾಳ. ಇನ್ನೇನು ಸಾಕ್ಷಿ ಬೇಕು?"

"ಸಾಹೇಬ್ರ, ಇವತ್ತು ಅದರಿಂದನೇ—"

"ಸಾಕು ಸಂಗಮ್ಮ. ನಾಳಿಂದ ಬರಬ್ಯಾಡ್ರಿ."

ಹದಿನಾಲ್ಕು ವರ್ಷದ ಕೆಲಸ ಒಂದು ಮಾತಿಗೆ ಮುಗಿಯಿತು. ಅವಳು ಅಳಲಿಲ್ಲ. ನೋಟ್‌ಬುಕ್ ಕೇಳಿದಳು, ಕೊಡಲಿಲ್ಲ. ವಾರದ ನಂತರ ಆಸ್ಪತ್ರೆಯವರು ಶೇಷಗಿರಿಗೆ ಮೂವತ್ತು ಸಾವಿರ ಕೊಟ್ಟರೆಂದೂ, ಅವನು ಅಮರಗುಂಡಪ್ಪನ ಜೊತೆಯಲ್ಲೇ ಕೂತು ಚಹಾ ಕುಡಿದು ಬೀಗ ಬಿಚ್ಚಿಕೊಟ್ಟನೆಂದೂ ಹಸನ್‌ಸಾಬ್ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ಹೇಳಿದ. ಹೇಳುವಾಗ ಅವನು ಮುಖ ಎತ್ತಲಿಲ್ಲ. ನೋಟ್‌ಬುಕ್ಕಿನಿಂದಲೇ ಜೀವ ಉಳಿಯಿತೆಂದು ಅಂದು ಅವನೂ ಸಾಕ್ಷಿ ಹೇಳಿರಲಿಲ್ಲ. ಮೂರು ಹೆಣ್ಣುಮಕ್ಕಳ ತಂದೆ.

ಸಂಗಮ್ಮ ಅಣ್ಣಂದಿರ ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಬೆಲ್ಲ ತೂಗಲು ಕೂತಳು. ಬೇಡವೆಂದು ಬಿಟ್ಟುಹೋದ ಅನ್ನವನ್ನೇ ಮತ್ತೆ ಉಣ್ಣಬೇಕಾಯಿತು. ಮುಂದಿನ ವರ್ಷ ಸಂತೆಯ ದಿನ ಆದೆಮ್ಮ ಬೆಲ್ಲಕ್ಕೆ ಬಂದಳು. ಗುರುತು ಹಿಡಿದು ಸಂಭ್ರಮದಿಂದ ಹೇಳಿದಳು:

"ಆ ದವಾಖಾನ್ಯಾಗ ಭಾರೀ ಮಷೀನ್ ಐತಂತಲ್ಲ ಅಕ್ಕಾರ! ಅದನ್ನ ನೋಡೇ ನನ್ನ ಜೀವ ಉಳಿಸಿದ್ರಂತ. ಅಮರಗುಂಡಪ್ಪ ಸಾವ್ಕಾರು ಹೇಳಿದ್ರು. ಅವರಿಗೆ ಒಂದು ಚೀಲ ಜ್ವಾಳ ಕೊಟ್ಟು ಬಂದೆ."

ಸಂಗಮ್ಮ ತೂಕದ ಕಲ್ಲು ಹಿಡಿದ ಕೈಯನ್ನು ಅಲ್ಲೇ ನಿಲ್ಲಿಸಿದಳು. ನಿಜ ಹೇಳಿದರೆ ಈಕೆ ನಂಬುವಳೇ, ನಂಬಿದರೂ ಏನಾದೀತು ಅನ್ನಿಸಿತು.

"ಎಷ್ಟು ಕೊಡ್ಲಿ ಬೆಲ್ಲ?" ಎಂದು ಕೇಳಿದಳು.