ಹುಳದ ಮನೆಯಲ್ಲಿ ನಾನು ಬದಲಿಸಿದ ಸಾಲು

ಮೈಸೂರಿನ ನಮ್ಮ ಹಾಸ್ಟೆಲಿನಲ್ಲಿ ತಿಂಗಳಿಗೊಮ್ಮೆ ನೀರಿನ ತೊಟ್ಟಿ ತೊಳೆಯುತ್ತಾರೆ. ಅವತ್ತು ಕಟ್ಟಡದ ತುಂಬಾ ಬ್ಲೀಚಿಂಗ್ ಪುಡಿಯ ವಾಸನೆ. ಉಳಿದ ಹುಡುಗಿಯರು ಮೂಗು ಮುಚ್ಚಿಕೊಂಡು ಓಡುತ್ತಾರೆ, ನಾನು ನಿಂತುಬಿಡುತ್ತೇನೆ. ಆ ವಾಸನೆಗೆ ಸ್ವಲ್ಪ ಸುಣ್ಣ, ಸ್ವಲ್ಪ ಹಸಿ ಹಿಪ್ಪುನೇರಳೆ ಸೊಪ್ಪು ಸೇರಿಸಿದರೆ ತೊಣ್ಣೂರು ಕೆರೆಯ ಕೆಳಗಿದ್ದ ನಮ್ಮ ಹುಳದ ಮನೆ ಕಣ್ಣೆದುರು ಬರುತ್ತದೆ. ಉದ್ದನೆಯ ಹೆಂಚಿನ ಮನೆ, ಕಿಟಕಿಗೆ ಗೋಣಿಯ ಪರದೆ, ಒಳಗೆ ಸಾಲುಸಾಲು ಬಿದಿರಿನ ತಟ್ಟೆಗಳಲ್ಲಿ ರೇಷ್ಮೆ ಹುಳುಗಳು, ಸೆರಗು ಬಿಗಿದು ಸೊಪ್ಪು ಹರಡುತ್ತಿದ್ದ ದೊಡ್ಡವ್ವ. ಅವಳು ನನ್ನ ಅಪ್ಪನ ಅಣ್ಣನ ಹೆಂಡತಿ. ಆ ಮನೆಯೂ ಈಗಿಲ್ಲ, ಅವಳೂ ಇಲ್ಲ. ಕಳೆದ ವಾರ ಕ್ಲಾಸಿನಲ್ಲಿ ಮೇಷ್ಟ್ರು, ನೀವು ಕತೆ ಕಾದಂಬರಿ ಓದುವವರೋ ಇಲ್ಲ ನಿಜಸಂಗತಿಯ ಪುಸ್ತಕ ಓದುವವರೋ ಎಂದು ಕೇಳಿದಾಗ ಎಲ್ಲರೂ ಎರಡು ಪಕ್ಷವಾಗಿ ಜಗಳಕ್ಕೆ ಬಿದ್ದರು. ನಾನು ಎರಡನ್ನೂ ಓದುತ್ತೇನೆ, ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತೇನೆ. ಆದರೆ ಒಂದನ್ನು ಇನ್ನೊಂದಕ್ಕೆ ಬೆರೆಸಿ ದೊಡ್ಡವ್ವನ ಬದುಕು ಕೆಡಿಸಿದವಳು ನಾನು, ಏನಂತ ಹೇಳಲಿ?

ದೊಡ್ಡವ್ವನಿಗೆ ಓದು ಬರುತ್ತಿರಲಿಲ್ಲ, ಕೇಳುವ ಚಟ ಮಾತ್ರ ವಿಪರೀತ. ಶಾಲೆ ಮುಗಿಸಿ ಬಂದ ನಾನು ಕೈಕಾಲು ತೊಳೆದು ಹುಳದ ಮನೆಯಲ್ಲಿ ಮಣೆಯ ಮೇಲೆ ಕೂತು ಜೋರಾಗಿ ಓದಬೇಕು, ಅವಳು ಸೊಪ್ಪು ಹಾಕುತ್ತಾ ಕೇಳಬೇಕು. ಇದು ದಿನದ ಪದ್ಧತಿ. ಅಪ್ಪನಿಗೂ ಚಿಕ್ಕಪ್ಪನಿಗೂ ಓದು ಬರುತ್ತಿತ್ತು, ಆದರೆ ಅವರು ಆ ಕಡೆ ತಲೆ ಹಾಕುತ್ತಿರಲಿಲ್ಲ. ಹಾಳೂರಿಗೆ ಉಳಿದವನೇ ಗೌಡ ಅನ್ನುವ ಹಾಗೆ ಆರನೇ ಕ್ಲಾಸಿನ ನಾನೇ ಅಲ್ಲಿ ದೊಡ್ಡ ಪಂಡಿತೆ. ಪಾಂಡವಪುರದ ಲೈಬ್ರರಿಯಿಂದ ತಂದ ಕಾದಂಬರಿ, ಯಾರದೋ ಪ್ರವಾಸದ ಪುಸ್ತಕ, ಹಾವುಗಳ ಪುಸ್ತಕ, ಏನೂ ಇಲ್ಲದ ದಿನ ಗೊಬ್ಬರದ ಚೀಲದ ಮೇಲಿನ ಅಕ್ಷರ, ಯಾವುದನ್ನು ಓದಿದರೂ ಅವಳು ಒಂದೇ ಶ್ರದ್ಧೆಯಿಂದ ಕೇಳುತ್ತಿದ್ದಳು. ಹುಳುಗಳು ಮೇಯುವ ಸದ್ದು ಹೆಂಚಿನ ಮೇಲೆ ಬೀಳುವ ಜಡಿಮಳೆಯಂತೆ, ಅದನ್ನು ಮೀರಿಸಿ ನಾನು ಕೂಗಬೇಕಿತ್ತು. ದೊಡ್ಡಪ್ಪ ತೀರಿಕೊಂಡ ಮೇಲೆ ಕತೆಯಲ್ಲಿ ಯಾರು ಸತ್ತರೂ ಅವಳಿಗೆ ತಡೆಯಲಾಗುತ್ತಿರಲಿಲ್ಲ. ಸೊಪ್ಪು ಹಿಡಿದ ಕೈ ಅಲ್ಲೇ ನಿಲ್ಲುತ್ತಿತ್ತು. ಅದನ್ನು ನೋಡಲಾರದೆ ನಾನು ಸಾಯುವವರನ್ನೆಲ್ಲ ಬದುಕಿಸತೊಡಗಿದೆ. ಬಾವಿಗೆ ಬಿದ್ದವಳನ್ನು ಯಾರಾದರೂ ಬಂದು ಎತ್ತುತ್ತಿದ್ದರು, ಊರು ಬಿಟ್ಟು ಹೋದವನು ಮಾರನೇ ದಿನದ ಬಸ್ಸಿಗೇ ವಾಪಸು ಬರುತ್ತಿದ್ದ. ಪುಟ ತಿರುವುತ್ತಾ ಇಲ್ಲದ್ದನ್ನು ಓದುವುದು ನನಗೆ ನೀರು ಕುಡಿದಷ್ಟು ಸಲೀಸಾಯಿತು.

ಹುಳುಗಳ ರೋಗರುಜಿನ ನೋಡುವುದೆಲ್ಲ ಮೊದಲಿನಿಂದ ದೊಡ್ಡಪ್ಪನ ಪಾಲಿನ ಕೆಲಸ. ಅವನು ಹೋದ ಮೇಲೆ ಚಿಕ್ಕಪ್ಪನ ಕಣ್ಣು ಸೊಪ್ಪಿನ ತೋಟದ ಮೇಲೆ ಬಿತ್ತು. ‘ಅತ್ಗೆ, ಇದು ಒಬ್ಬರ ಕೈಲಾಗೋ ಬೇಸಾಯ ಅಲ್ಲ. ಇದೊಂದು ಬೆಳೆ ನೋಡವ. ಕೆಟ್ಟೋದ್ರೆ ಗಿಡ ಕೀಳ್ಸಿ ಕಬ್ಬು ಆಕ್ಬುಡ್ತೀನಿ’ ಅಂದ. ದೊಡ್ಡವ್ವ ‘ಆಗ್ಲಿ ಬುಡಪ್ಪ’ ಅಂದಳು. ಅಷ್ಟು ದೊಡ್ಡ ಮನೆಯಲ್ಲಿ ತನ್ನದು ಅಂತ ಅವಳಿಗೆ ಇದ್ದದ್ದು ಅದೊಂದೇ ಕೆಲಸ. ಅದೂ ಹೋದರೆ ಅವಳು ಇನ್ನೊಬ್ಬರ ಒಲೆಯ ಮುಂದೆ ಕೂತವಳಾಗುತ್ತಿದ್ದಳು. ಹುಳು ಮೇವು ಬಿಟ್ಟು ಪೊರೆ ಕಳಚುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ನಾಲ್ಕು ಜ್ವರಗಳೂ ಸಲೀಸಾಗಿ ದಾಟಿದವು. ಇನ್ನೊಂದು ವಾರ ಹೊಟ್ಟೆ ತುಂಬ ಮೇಯಿಸಿದರೆ ಗೂಡು. ನಾಲ್ಕನೇ ಜ್ವರ ಕಳೆದ ಮೂರನೇ ಸಂಜೆ ಓದುತ್ತಾ ಕೂತವಳಿಗೆ ನನ್ನ ದನಿ ನನಗೇ ಜೋರಾಗಿ ಕೇಳಿಸಿತು. ಹುಳುಗಳ ಸದ್ದು ಕಡಿಮೆಯಾಗಿತ್ತು. ಮೂಲೆಯ ತಟ್ಟೆಯ ಅಂಚಿನಲ್ಲಿ ಇಪ್ಪತ್ತು ಮೂವತ್ತು ಹುಳುಗಳು ಊದಿಕೊಂಡು, ಹಳದಿಗೆ ತಿರುಗಿ, ನಿಂತಲ್ಲಿ ನಿಲ್ಲದೆ ಹರಿದಾಡುತ್ತಿದ್ದವು. ಒಂದರ ಚರ್ಮ ಒಡೆದು ಹಾಲಿನಂಥದ್ದು ಸೋರಿತ್ತು. ದೊಡ್ಡವ್ವ ಹೋಗಿ ಬಾಗಿಲ ಅಗುಳಿ ಹಾಕಿ ಬಂದಳು. ‘ಯಾರ್ಗೂ ಯೋಳ್ಬ್ಯಾಡ ಕಣವ್ವ. ನಿಮ್ ದೊಡ್ಡಪ್ಪನ ಪೆಟ್ಗೇಲಿ ಹುಳದ ಪುಸ್ತಕ ಅದೆ, ತತ್ತಾ’ ಅಂದಳು.

ಅದು ರಟ್ಟು ಕಿತ್ತುಹೋದ ಹಳೆಯ ಕೈಪಿಡಿ. ರೋಗ ಯಾವುದು, ಲಕ್ಷಣ ಏನು ಎಂದು ಓದುತ್ತಾ ಹೋದೆ, ಅವಳು ಒಂದೊಂದಕ್ಕೂ ತಟ್ಟೆಯ ಕಡೆ ನೋಡಿ ಹೂಂಗುಟ್ಟಿದಳು. ಎಲ್ಲವೂ ಸರಿಯಾಗಿ ಹೊಂದುತ್ತಿತ್ತು. ಮುಂದಿನ ಸಾಲಿನಲ್ಲಿ, ಅಂಥ ಹುಳುಗಳನ್ನು ಕೈಯಿಂದ ಮುಟ್ಟದೆ ಆರಿಸಿ ದೂರ ಒಯ್ದು ಸುಣ್ಣ ಹಾಕಿ ಹೂಳಬೇಕು, ಇದಕ್ಕೆ ಮದ್ದಿಲ್ಲ ಎಂದಿತ್ತು. ತಲೆ ಎತ್ತಿದೆ. ದೊಡ್ಡವ್ವನ ಮುಖ ನೋಡಿದೆ. ‘ಏನಂತೆ?’ ಅಂದಳು.

‘ಬ್ಯಾರೆ ತಟ್ಟೇಲಿಟ್ಟು ಎಳೇ ಸೊಪ್ಪು ಕೊಟ್ರೆ ಉಸಾರಾಯ್ತವಂತೆ.’

‘ಅಂಗಂತ ಬರ್ದವ್ರಾ?’

‘ಊ ದೊಡ್ಡವ್ವ.’

ಅವಳು ಕಾಯಿಲೆಯ ಹುಳುಗಳನ್ನು ಬರಿಗೈಯಲ್ಲಿ, ಒಂದೊಂದಾಗಿ ಆರಿಸಿ ಪಕ್ಕದ ತಟ್ಟೆಗೆ ಬಿಟ್ಟಳು. ತುದಿಯ ಎಳೆ ಎಲೆ ತಂದು ಸಣ್ಣಗೆ ಹೆಚ್ಚಿ ಹಾಕಿದಳು. ಅದೇ ಕೈಯಲ್ಲಿ ಉಳಿದ ತಟ್ಟೆಗಳಿಗೂ ಸೊಪ್ಪು ಹಾಕಿದಳು. ಮಾರನೇ ಬೆಳಿಗ್ಗೆ ಆರು ತಟ್ಟೆಗಳಲ್ಲಿ ಊದಿದ ಹುಳುಗಳು ಅಂಚಿಗೆ ಬಂದಿದ್ದವು. ಶಾಲೆಯಲ್ಲಿ ಕೂತರೂ ನನ್ನ ಜೀವವೆಲ್ಲ ಆ ಮನೆಯಲ್ಲೇ. ಈಗಲಾದರೂ ನಿಜ ಹೇಳಬೇಕು ಎಂದುಕೊಂಡು ಬಂದರೆ, ಅವಳು ಬಾಗಿಲಲ್ಲೇ ‘ನಾಳೀಕೆ ಸರಿಯಾಯ್ತವೆ’ ಅನ್ನುತ್ತಿದ್ದಳು, ನಾನು ಎಳೆ ಸೊಪ್ಪು ಹೆಚ್ಚಲು ಕೂರುತ್ತಿದ್ದೆ. ನಾಲ್ಕನೇ ದಿನ ಹುಳದ ಮನೆಯಲ್ಲಿ ಸದ್ದೇ ಇರಲಿಲ್ಲ. ವಾಸನೆ ಹಿಡಿದು ಚಿಕ್ಕಪ್ಪನೇ ಬಂದು ಬಾಗಿಲು ತೆಗೆಸಿದ. ಬೈಯಲಿಲ್ಲ. ತೋಟದ ಬದುವಿನ ಪಕ್ಕ ಗುಂಡಿ ತೋಡಿಸಿ, ಎಲ್ಲ ತಟ್ಟೆಗಳನ್ನೂ ಅದಕ್ಕೆ ಸುರಿಸಿ, ಮೇಲೆ ಸುಣ್ಣವನ್ನೂ ಬ್ಲೀಚಿಂಗ್ ಪುಡಿಯನ್ನೂ ಹಾಕಿಸಿದ. ಮುಂದಿನ ತಿಂಗಳು ಟ್ರಾಕ್ಟರು ಬಂದು ಸೊಪ್ಪಿನ ಗಿಡಗಳನ್ನು ಬುಡಸಮೇತ ಕಿತ್ತಿತು. ಹುಳದ ಮನೆ ಬಿದ್ದ ಜಾಗದಲ್ಲಿ ಈಗ ಅದೇ ಟ್ರಾಕ್ಟರು ನಿಲ್ಲುತ್ತದೆ. ದೊಡ್ಡವ್ವ ಅಡುಗೆಮನೆಯ ಗೋಡೆಗೆ ಒರಗಿ ಕೂತವಳು ಮತ್ತೆ ಯಾವ ಕೆಲಸಕ್ಕೂ ಸೆರಗು ಬಿಗಿದದ್ದನ್ನು ನಾನು ಕಾಣೆ.

ಆಮೇಲೆ ನಾನು ಓದಿದ್ದಕ್ಕೆ ಲೆಕ್ಕವಿಲ್ಲ. ರೋಗಗಳ ಚರಿತ್ರೆ ಓದಿದೆ, ಮಣ್ಣಿನ ಬಗ್ಗೆ ಓದಿದೆ, ಅಳಿಸುವ ಕಾದಂಬರಿಗಳನ್ನು ಓದಿದೆ. ಕಾದಂಬರಿಯಲ್ಲಿ ಸುಳ್ಳಿದೆ ಎಂದು ಯಾರಾದರೂ ಮೂಗು ಮುರಿದರೆ ಈಗಲೂ ಸಿಟ್ಟು ಬರುತ್ತದೆ, ಏಕೆಂದರೆ ಅಲ್ಲಿ ಸಾಯುವವರನ್ನು ಬರೆದವರು ನಿಜವನ್ನೇ ಬರೆದಿದ್ದರು. ಸುಳ್ಳು ನನ್ನದಾಗಿತ್ತು. ಹೋದ ವರ್ಷ ರಜೆಗೆ ಹೋದಾಗ ದೊಡ್ಡವ್ವ ಹಾಸಿಗೆ ಹಿಡಿದಿದ್ದಳು. ಅವಳೊಬ್ಬಳೇ ಇದ್ದಾಗ ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿಬಿಟ್ಟೆ. ಅವಳು ನನ್ನ ಕಡೆ ಹೊರಳಿದಳು.

‘ಗೊತ್ತಿತ್ತು ಕಣವ್ವ. ಆ ಸಾಲ್ಗೆ ಬಂದಾಗ ನೀನು ಉಸುರು ಹಿಡ್ಕಂಡೆ. ಇನ್ನೊಂದ್ಸತಿ ಓದು ಅನ್ಬೇಕಿತ್ತು ನಾನು. ನಂಗೂ ಅಂಗೇ ಇರ್ಲಿ ಅನ್ನಿಸ್ಬುಡ್ತು’ ಅಂದು ನನ್ನ ಕೈ ಸವರಿದಳು.

ಈ ಆಷಾಢದಲ್ಲಿ ಅವಳು ಹೋದಳು. ನನ್ನ ತಪ್ಪಿನಲ್ಲಿ ಅರ್ಧವನ್ನು ತನ್ನದೆಂದು ಹೊತ್ತುಕೊಂಡೇ ಹೋದಳು. ಅವಳು ಹೇಳಿದ್ದು ನಡೆದ ಮಾತೋ, ಇಲ್ಲ ನನ್ನ ಮುಖ ನೋಡಲಾರದೆ ಆ ಗಳಿಗೆಯಲ್ಲಿ ಅವಳೇ ಕಟ್ಟಿದ ಕತೆಯೋ, ನನಗೆ ಗೊತ್ತಿಲ್ಲ. ಕೇಳೋಣವೆಂದರೆ ಅವಳಿಲ್ಲ.