ಎಡಗಡೆಯ ನಟ್ಟು

ನನ್ನ ತಮ್ಮನಿಗೆ ಪುಕ್ಕಲ ಎಂದು ಹೆಸರಿಟ್ಟವರು ನನ್ನ ಯಜಮಾನರು. ಅಪ್ಪ ಅಮ್ಮ ಇಟ್ಟ ಹೆಸರೊಂದು ಇದೆ, ಆ ಹೆಸರಿನಿಂದ ಈಗ ಬ್ಯಾಂಕಿನವರು ಬಿಟ್ಟರೆ ಬೇರೆ ಯಾರೂ ಕರೆಯುವುದಿಲ್ಲ. ಚಿಕ್ಕವನಿದ್ದಾಗ ಅವನು ಬಾವಿಯೊಳಗೆ ಇಣುಕಿದವನಲ್ಲ, ಮರ ಹತ್ತಿದವನಲ್ಲ. ದೊಡ್ಡವನಾದ ಮೇಲೆ ಹಲ್ಲಿನ ಡಾಕ್ಟರಿಗೆ ಹೆದರಿದ, ಲಿಫ್ಟಿಗೆ ಹೆದರಿದ, ಪಕ್ಕದ ಮನೆಯ ಮುದಿ ಬೆಕ್ಕಿಗೂ ದಾರಿ ಬಿಟ್ಟುಕೊಟ್ಟ. ಇಂಥವನು ಹೊಟ್ಟೆಪಾಡಿಗೆ ಗಾಡಿಗಳ ಹೊಟ್ಟೆಯಡಿ ನಿಲ್ಲುವ ಕೆಲಸ ಹಿಡಿದ. ಹಿಡಿದ ಎನ್ನುವುದೂ ತಪ್ಪು. ನನ್ನ ಯಜಮಾನರು ಕಿವಿ ಹಿಂಡಿ ಗುಂಡಿಗೆ ಇಳಿಸಿದರು.

ನಮ್ಮದು ಗಾಡಿಯ ಚಕ್ರಗಳನ್ನು ನೇರಕ್ಕೆ ಹೊಂದಿಸುವ ವೀಲ್ ಅಲೈನ್‌ಮೆಂಟ್ ಅಂಗಡಿ. ತಗಡಿನ ಸೂರು, ನಡುವೆ ಆಳವಾದ ಗುಂಡಿ, ಗುಂಡಿಯ ಆಚೀಚೆ ಚಕ್ರ ನಿಲ್ಲುವ ತಟ್ಟೆಗಳು. ಹಿಂದಿನ ಗೋಡೆ ದಾಟಿದರೆ ನಮ್ಮ ಮನೆಯ ಅಡುಗೆಮನೆ. ಒಳಗೆ ಒಗ್ಗರಣೆ ಸಿಡಿದರೆ ಗುಂಡಿಯಲ್ಲಿದ್ದವನು ಕೆಮ್ಮುತ್ತಾನೆ. ಕಂಪ್ಯೂಟರಿನ ಮುಂದೆ ಕೂತು ಲೆಕ್ಕ, ಮಾತುಕತೆ ಎಲ್ಲ ನೋಡಿಕೊಳ್ಳುವವಳು ನಾನು. ಯಜಮಾನರ ಕಿಡ್ನಿ ಕೈಕೊಟ್ಟ ಮೇಲೆ ಅವರು ಗಾಲಿಕುರ್ಚಿ ಸೇರಿದರು. ಗುಂಡಿ ಪೂರ್ತಿ ಪುಕ್ಕಲನ ಪಾಲಿಗೆ ಬಂತು.

ಕಬ್ಬಿಣದ ಸ್ಪ್ರಿಂಗಿನ ಗಾಡಿ ಬಂದರೆ ಅವನು ಹಾಡು ಗುನುಗುತ್ತಲೇ ಕೆಲಸ ಮಾಡುತ್ತಾನೆ. ಗಾಳಿಚೀಲದ ಗಾಡಿ ಬಂದರೆ ಹಾಡು ನಿಲ್ಲುತ್ತದೆ. ಆ ಗಾಡಿಗಳಿಗೆ ಸ್ಪ್ರಿಂಗಿನ ಜಾಗದಲ್ಲಿ ರಬ್ಬರಿನ ಚೀಲ, ಚೀಲದಲ್ಲಿ ಗಾಳಿ. ಗಾಳಿ ತುಂಬಿದರೆ ಗಾಡಿ ಏಳುತ್ತದೆ, ಬಿಟ್ಟರೆ ಕೂರುತ್ತದೆ. ಅದು ನಿಲ್ಲಬೇಕಾದ ಎತ್ತರದಲ್ಲಿ ನಿಲ್ಲದೆ ಚಕ್ರ ಸರಿಮಾಡಿದರೆ ಮಾಡಿದ ಕೆಲಸವೆಲ್ಲ ಮಣ್ಣುಪಾಲು. ರಸ್ತೆಗೆ ಇಳಿದ ಕೂಡಲೇ ಮತ್ತೆ ಒಂದು ಕಡೆಗೆ ಎಳೆಯುತ್ತದೆ. ಹಾಗಾಗಿ ಬೇರೆ ರಿಪೇರಿಗೆ ಕೊಟ್ಟಂತೆ ಕೆಳಗಿನಿಂದ ಸ್ಟ್ಯಾಂಡ್ ಕೊಟ್ಟು ಎತ್ತಿ ಹಿಡಿಯುವ ಹಾಗಿಲ್ಲ. ಗಾಡಿಯ ಭಾರವೆಲ್ಲ ಗಾಳಿಯ ಮೇಲೇ ಇರಬೇಕು, ಅದರ ಕೆಳಗೆ ಕೈ ಹಾಕಬೇಕು.

"ಅಕ್ಕ, ಗಾಳಿ ಏನು ಮಾತು ಕೊಟ್ಟಿರುತ್ತಾ, ಬೀಳ್ಸಲ್ಲ ಅಂತ?" ಎನ್ನುತ್ತಿದ್ದ.

ಅದಕ್ಕೆ ಅವನು ತನ್ನದೇ ಕಟ್ಟುಪಾಡು ಮಾಡಿಕೊಂಡಿದ್ದ. ಕೆಲವು ಯಜಮಾನರು ಹೇಳಿಕೊಟ್ಟದ್ದು, ಉಳಿದದ್ದು ಅವನ ಹೆದರಿಕೆ ಹೇಳಿಕೊಟ್ಟದ್ದು. ಗಾಡಿಯ ಕೀಲಿ ನನ್ನ ಮೇಜಿನ ಡಬ್ಬಿಗೆ ಬರಬೇಕು, ಏಕೆಂದರೆ ಇಂಥ ಗಾಡಿಗಳಿಗೆ ಕೀಲಿ ಹತ್ತಿರ ಸುಳಿದರೂ ಎಚ್ಚರವಾಗುತ್ತದೆ. ಸ್ಟ್ಯಾಂಡುಗಳನ್ನು ಗಾಡಿಗೆ ತಾಗಿಸದೆ ಎರಡು ಬೆರಳು ಕೆಳಗೆ ನಿಲ್ಲಿಸಬೇಕು. ಬಿದ್ದರೂ ಎರಡೇ ಬೆರಳು ಬೀಳಲಿ ಎಂದು. ಚಕ್ರದ ಕೋನ ಹೊಂದಿಸಿ, ಸ್ಟೇರಿಂಗಿಗೂ ಚಕ್ರಕ್ಕೂ ಕೊಂಡಿಯಾದ ಟೈ ರಾಡಿನ ಲಾಕ್ ನಟ್ಟನ್ನು ಬಿಗಿಮಾಡಿದ ಮೇಲೆ ಅದಕ್ಕೊಂದು ಹಳದಿ ಬಣ್ಣದ ಚುಕ್ಕೆ ಇಡಬೇಕು. ಆ ನಟ್ಟು ಸಡಿಲವಿದ್ದರೆ ರಾಡು ತಿರುಗುತ್ತಾ ಬಿಚ್ಚಿಕೊಳ್ಳುತ್ತದೆ, ಪೂರ್ತಿ ಬಿಚ್ಚಿದರೆ ಸ್ಟೇರಿಂಗ್ ಒಂದು ಕಡೆ, ಚಕ್ರ ಇನ್ನೊಂದು ಕಡೆ. ಗಿರಾಕಿಗಳು ಆ ಚುಕ್ಕೆ ನೋಡಿ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಆ ದಿನ ಬೆಳಿಗ್ಗೆ ಆಸ್ಪತ್ರೆಯ ವ್ಯಾನು ಬಂತು. ಡಯಾಲಿಸಿಸ್‌ಗೆ ಹೋಗುವವರನ್ನು ಬೆಟ್ಟದ ಮೇಲಿನ ಆಸ್ಪತ್ರೆಗೆ ಕರೆದೊಯ್ಯುವ ವ್ಯಾನದು. ನನ್ನ ಯಜಮಾನರೂ ಅದರಲ್ಲೇ ಹೋಗುವವರು. ಕೀಲಿ ಹತ್ತಿರವಿದ್ದು ಪಕ್ಕದ ಬಾಗಿಲು ತೆರೆದರೆ ಸಾಕು, ಗಾಲಿಕುರ್ಚಿ ಹತ್ತಲಿ ಎಂದು ವ್ಯಾನು ತಾನಾಗಿಯೇ ಬುಸ್ಸೆಂದು ಮಂಡಿಯೂರುತ್ತದೆ.

"ಎಡಕ್ಕೆ ಎಳೀತಿದೆ ಅಕ್ಕ. ಬೇಗ ನೋಡ್ಸಿ, ನಾಲ್ಕು ಜನ ಕಾಯ್ತಿದ್ದಾರೆ," ಎಂದ ಡ್ರೈವರು. ಫೋನನ್ನು ನನ್ನ ಮೇಜಿನ ಮೇಲೆ ಚಾರ್ಜಿಗೆ ಹಾಕಿದ. ಕೀಲಿ ಕೊಟ್ಟ. ನಾನು ಡಬ್ಬಿಗೆ ಹಾಕಿ ಮುಚ್ಚಳ ಹಾಕಿದೆ.

ಇನ್ನೊಂದು ಕೀಲಿ ಅವನ ಪ್ಯಾಂಟಿನ ಜೇಬಿನಲ್ಲಿದೆ ಎಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಕೆಲಸ ಮುಗಿಯುತ್ತಾ ಬಂದಿತ್ತು. ಕಂಪ್ಯೂಟರಿನಲ್ಲಿ ಎರಡೂ ಚಕ್ರದ ಅಂಕಿಗಳು ಹಸಿರಾದವು. "ಸರಿ ಇದೆ ಕಣೋ, ಬಿಗಿ ಮಾಡು," ಎಂದು ಕೂಗಿದೆ. ಅಷ್ಟರಲ್ಲಿ ಡ್ರೈವರಿಗೆ ವ್ಯಾನಿನೊಳಗಿದ್ದ ಫ್ಲಾಸ್ಕಿನ ನೆನಪಾಗಿದೆ. ಹೋಗಿ ಪಕ್ಕದ ಬಾಗಿಲು ಎಳೆದ.

ಬುಸ್ಸೆಂಬ ಶಬ್ದ, ಅದರ ಹಿಂದೆಯೇ ಕಬ್ಬಿಣಕ್ಕೆ ಕಬ್ಬಿಣ ಬಡಿದ ಶಬ್ದ. ವ್ಯಾನು ಸ್ಟ್ಯಾಂಡುಗಳ ಮೇಲೆ ಕೂತಿತ್ತು. ಗುಂಡಿಯಿಂದ ಕೂಗಿಲ್ಲ, ಕೆಮ್ಮಿಲ್ಲ.

"ಲೋ! ಲೋ, ಮಾತಾಡೋ!"

ಅವನು ಮೆಟ್ಟಿಲು ಹತ್ತಿ ಬಂದ. ಎರಡೂ ಕೈ ಇದ್ದವು. ನಾನು ನೋಡಿದ್ದು ಮೊದಲು ಕೈಗಳನ್ನೇ. ಮುಖ ಬಿಳಿಚಿಕೊಂಡಿತ್ತು. ಸೀದಾ ನೀರಿನ ತೊಟ್ಟಿಯ ಹಿಂದೆ ಹೋಗಿ ವಾಂತಿ ಮಾಡಿಕೊಂಡು ಅಲ್ಲೇ ಕುಕ್ಕರಿಸಿದ. ಆ ಎರಡು ಬೆರಳಿನ ಸಂದಿ ಅವನ ತೋಳನ್ನು ಉಳಿಸಿತ್ತು.

ಡ್ರೈವರಿಗೂ ಬೆವರಿಳಿದಿತ್ತು. "ಗೊತ್ತಿಲ್ಲದೆ ಆಯ್ತು ಅಕ್ಕ, ತಪ್ಪು ತಿಳ್ಕೋಬೇಡಿ. ಕೆಲಸ ಆಯ್ತಾ? ಈಗಾಗ್ಲೇ ಲೇಟು."

"ಆಯ್ತೇನೋ?" ಎಂದೆ.

ಪುಕ್ಕಲ ತಲೆಯಾಡಿಸಿದ. ಆ ಹೊತ್ತಿನಲ್ಲಿ ನಿನ್ನ ಹೆಸರು ಆನೆಯೇನೋ ಎಂದು ಕೇಳಿದ್ದರೂ ತಲೆಯಾಡಿಸುತ್ತಿದ್ದ. ನಾನು ಕೀಲಿ ಕೊಟ್ಟೆ. ಡ್ರೈವರು ವ್ಯಾನು ಎಬ್ಬಿಸಿ, ಸ್ಟ್ಯಾಂಡು ಸರಿಸಿ, ಮನೆಯ ಬಾಗಿಲಿಗೆ ಒಯ್ದ.

ಯಜಮಾನರನ್ನು ಹತ್ತಿಸುವಾಗ, "ಪುಕ್ಕಲ ಎಲ್ಲೇ?" ಎಂದರು.

"ತೊಟ್ಟಿ ಹಿಂದೆ ಕೂತಿದ್ದಾನೆ. ಗಾಡಿ ಕೂತ್ಬಿಡ್ತು ರೀ, ಜೀವ ಬಾಯಿಗೆ ಬಂದಿತ್ತು."

ಅವರು ಏನೋ ಕೇಳಲು ಬಾಯಿ ತೆರೆದರು. ಬಾಗಿಲು ಮುಚ್ಚಿತು. ಇನ್ನೂ ಮೂವರನ್ನು ಊರೊಳಗಿಂದ ಹತ್ತಿಸಿಕೊಳ್ಳಬೇಕಿತ್ತು, ವ್ಯಾನು ಹೊರಟಿತು.

ನಾನು ಅವನಿಗೆ ನೀರು ಕೊಟ್ಟು, ಎರಡು ಮಾತು ಬೈದು, ಗುಂಡಿಗೆ ಕಳಿಸಿದೆ. ಸಾಮಾನು ಎತ್ತಿಡಲು ಇಳಿದವನು ತುಂಬಾ ಹೊತ್ತು ಮೇಲೆ ಬರಲಿಲ್ಲ. ಇಣುಕಿದರೆ ಬಣ್ಣದ ಡಬ್ಬಿ ಹಿಡಿದು ನಿಂತಿದ್ದಾನೆ. ಕುಂಚ ನೆಲದ ಮೇಲೆ ಬಿದ್ದಿತ್ತು.

"ಅಕ್ಕ, ಬಲಗಡೆದು ಬಿಗಿ ಮಾಡಿದ್ದು ನೆನಪಿದೆ. ಚುಕ್ಕೆ ಇಟ್ಟಿದ್ದೂ ನೆನಪಿದೆ. ಎಡಗಡೆದು..."

"ಎಡಗಡೆದು?"

"ಸ್ಪಾನರ್ ಹಾಕಿದ್ದೆ. ತಿರುಗಿಸಿದ್ನೋ ಇಲ್ವೋ ಗೊತ್ತಾಗ್ತಿಲ್ಲ."

ಡ್ರೈವರಿಗೆ ಫೋನ್ ಮಾಡಿದೆ. ನನ್ನ ಮೇಜಿನ ಮೇಲೇ ಅದು ಹೊಡೆದುಕೊಂಡಿತು. ಯಜಮಾನರಿಗೆ ಮಾಡಿದೆ. ಗೋಡೆಯ ಆಚೆ, ಅಡುಗೆಮನೆಯ ಕಿಟಕಿಯಲ್ಲಿ ಹೊಡೆದುಕೊಂಡಿತು. ಡಯಾಲಿಸಿಸ್ಸಿಗೆ ಹೋಗುವುದೇ ನಿದ್ದೆಗೆ, ಅಲ್ಲಿ ಫೋನ್ ಯಾಕೆ ಎನ್ನುವ ಮಹಾನುಭಾವರು ಅವರು. ಆಸ್ಪತ್ರೆಯ ನಂಬರು ಸಿಗಲೇ ಇಲ್ಲ. ಸಿಕ್ಕಿದ್ದರೂ ಏನು ಬಂತು? ಭಯವಿದ್ದದ್ದು ಆಸ್ಪತ್ರೆಯಲ್ಲಲ್ಲ, ದಾರಿಯಲ್ಲಿ.

ಪುಕ್ಕಲ ಸ್ಪಾನರನ್ನು ಸೊಂಟಕ್ಕೆ ಸಿಕ್ಕಿಸಿ ಸ್ಕೂಟರ್ ಹೊರತೆಗೆದ. ಸೈಕಲ್ಲಿನವರು ಅವನನ್ನು ಹಿಂದೆ ಹಾಕಿ ಹೋಗುವಂತೆ ಓಡಿಸುವವನು ಅಂದು ಹೇಗೆ ಓಡಿಸಿದ ಎಂದರೆ, ನಾನು ಹಿಂದೆ ಕೂತು ಅವನ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದೆ. ಬೆಟ್ಟದ ರಸ್ತೆ ಶುರುವಾಯಿತು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಮೊಣಕಾಲೆತ್ತರದ ಕಟ್ಟೆ, ಅದರಾಚೆ ಏನೂ ಇಲ್ಲ. ಪ್ರತಿ ತಿರುವಿಗೂ ಕಟ್ಟೆ ಒಡೆದಿದೆಯೇ ಎಂದು ನೋಡುತ್ತಿದ್ದೆ, ನೋಡಲೂ ಹೆದರುತ್ತಿದ್ದೆ. ಒಂದು ಕಡೆ ಕಟ್ಟೆ ನಿಜವಾಗಿ ಒಡೆದಿತ್ತು. ಪುಕ್ಕಲ ಗಾಡಿ ನಿಲ್ಲಿಸಿದ. ಒಡೆದ ಕಲ್ಲುಗಳ ನಡುವೆ ಹುಲ್ಲು ಬೆಳೆದಿತ್ತು. ಹಳೆಯದು.

"ನಡಿಯೋ," ಎಂದೆ.

ಆಸ್ಪತ್ರೆಯ ಗೇಟಿನೊಳಗೆ ಹೋದಾಗ ವ್ಯಾನು ಆಗಷ್ಟೇ ಬಂದು ನಿಂತಿತ್ತು. ಯಜಮಾನರ ಕುರ್ಚಿಯನ್ನು ಇಳಿಸುತ್ತಿದ್ದರು. ಅಷ್ಟು ಮುಂಚೆ ಹೊರಟದ್ದು ಇಷ್ಟು ಹೊತ್ತಿಗೆ ಯಾಕೆ ಬಂತು ಎಂದು ಯೋಚಿಸುವಷ್ಟು ಬುದ್ಧಿ ನನಗೆ ಆಗ ಉಳಿದಿರಲಿಲ್ಲ. ಅವರ ಮುಖ ನೋಡಿದೆ, ಕಣ್ಣು ತುಂಬಿ ಬಂತು.

ಅವರು ನನ್ನನ್ನು ನೋಡಲಿಲ್ಲ. ಪುಕ್ಕಲನನ್ನು ನೋಡಿ, "ಎಡಗಡೆದು, ಅಲ್ವೇನೋ?" ಎಂದರು.

"ಹೂಂ ಭಾವ."

"ಡ್ರೈವರಪ್ಪಾ, ಬಾಗಿಲು ಹಾಕು. ಗಾಡಿ ಮೇಲಕ್ಕೆ ಏಳ್ಲಿ. ಆಮೇಲೆ ಕೀಲಿ ಇವಳ ಕೈಗೆ ಕೊಡು, ಜೇಬಿನಲ್ಲಿರೋ ಇನ್ನೊಂದನ್ನೂ. ಅದಿಲ್ದೆ ಬೆಳಿಗ್ಗೆ ಗಾಡಿ ಕೂರ್ತಿರ್ಲಿಲ್ಲ. ನೀನು ಆ ಗೇಟಿನ ಹತ್ತಿರ ಹೋಗಿ ನಿಂತ್ಕೊಳ್ಳೇ."

ವ್ಯಾನು ಎದ್ದು ನಿಂತಿತು. ಅಲ್ಲಿ ಗುಂಡಿಯಿಲ್ಲ, ಸ್ಟ್ಯಾಂಡಿಲ್ಲ, ಬರೀ ಕಾಂಕ್ರೀಟು ನೆಲ. ಮೇಲೆ ಗಾಳಿ. ನನ್ನ ತಮ್ಮ ಬೆನ್ನ ಮೇಲೆ ಮಲಗಿ ಮುಂದಿನ ಚಕ್ರದ ಪಕ್ಕದಿಂದ ಒಳಗೆ ತೆವಳಿದ. ಹೊರಗೆ ಉಳಿದದ್ದು ಎರಡು ಕಾಲು.

ನಾನು ಗೇಟಿನಲ್ಲಿ ಎರಡು ಕೀಲಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಆ ಕಾಲುಗಳನ್ನೇ ನೋಡುತ್ತಿದ್ದೆ. ವ್ಯಾನಿನಲ್ಲಿ ಬಂದಿದ್ದ ಒಬ್ಬ ಅಜ್ಜಿ, "ನನ್ನ ಚೀಲ ಒಳಗೇ ಉಳೀತಲ್ಲಪ್ಪಾ," ಎಂದು ಬಾಗಿಲ ಹಿಡಿಗೆ ಕೈ ಹಾಕಿದರು. ಕೀಲಿ ಇಷ್ಟು ದೂರವಿದ್ದರೆ ಬಾಗಿಲು ತೆರೆದರೂ ಗಾಡಿ ಇಳಿಯದು ಎಂದು ನನಗೆ ಗೊತ್ತು. ಗೊತ್ತಿದ್ದರೂ ಕಿರುಚಿದೆ. ಯಜಮಾನರು ಕುರ್ಚಿಯ ಗಾಲಿಯನ್ನು ತಾವೇ ತಳ್ಳಿಕೊಂಡು ಬಾಗಿಲಿಗೆ ಅಡ್ಡ ಬಂದರು.

"ಚೀಲ ಎಲ್ಲೂ ಹೋಗಲ್ಲ ಅಜ್ಜಿ. ನಮ್ಮ ಹುಡುಗ ಕೆಳಗಿದ್ದಾನೆ."

ಕೆಳಗಿನಿಂದ ಕಬ್ಬಿಣ ಕಿರುಗುಟ್ಟಿದ್ದು ಕೇಳಿಸಿತು. ಒಮ್ಮೆ, ಮತ್ತೆ ಇನ್ನೊಮ್ಮೆ. "ಸಡಿಲ ಇತ್ತು ಭಾವ. ಅರ್ಧಕ್ಕೆ ಬಿಚ್ಕೊಂಡಿತ್ತು," ಎಂದ. ಸ್ಪಾನರ್ ಮತ್ತೆರಡು ಸಲ ಕಿರುಗುಟ್ಟಿತು. "ಬಿಗಿ ಆಯ್ತು," ಎಂದ.

ಆಮೇಲೆ ಹೊರಗೆ ಬರಲಿಲ್ಲ. ಕಾಲು ಅಲ್ಲಾಡಲಿಲ್ಲ. ಎಲ್ಲಿ ಮಲಗಿದ್ದೇನೆ ಎಂಬುದು ಅವನಿಗೆ ಅರಿವಾದದ್ದು ಆಗ.

"ಭಾವ, ನನಗೆ ಆಗ್ತಿಲ್ಲ. ಕಾಲು ಬರ್ತಿಲ್ಲ."

ಯಜಮಾನರು ಬಗ್ಗಲಾರದ ಸೊಂಟವನ್ನು ಬಗ್ಗಿಸಿ ಚಕ್ರದ ಹತ್ತಿರ ಮುಖ ತಂದರು. "ಎರಡೂ ಕೀಲಿ ನಿಮ್ಮಕ್ಕನ ಹತ್ತಿರ ಇದೆ. ಅವಳು ಗೇಟಿನಲ್ಲಿದ್ದಾಳೆ. ಅವಳ ಕೈಯಿಂದ ಒಂದು ವಸ್ತು ಕಿತ್ಕೊಳ್ಳೋಕೆ ನನ್ನಿಂದ್ಲೇ ಇಷ್ಟು ವರ್ಷ ಆಗಿಲ್ಲ. ನನ್ನ ಮಾತು ಕೇಳು, ಹಿಮ್ಮಡಿ ಊರು. ಹೂಂ, ಹಾಗೇ. ಇನ್ನೊಂದು."

ಅವನು ಇಂಚಿಂಚಾಗಿ ಹೊರಗೆ ಬಂದ. ಅಂಗಿ ಬೆವರಿಗೆ ಮೈಗೆ ಅಂಟಿತ್ತು. ಡ್ರೈವರು ಅವನನ್ನು ಎಬ್ಬಿಸಿ, "ಸ್ಟೇರಿಂಗ್ ಸ್ವಲ್ಪ ಅಲ್ಲಾಡ್ತಿತ್ತು, ಹೊಸದಾಗಿ ಅಲೈನ್‌ಮೆಂಟ್ ಆಗಿದೆಯಲ್ಲ, ಹಾಗೇ ಇರ್ಬೇಕು ಅಂದ್ಕೊಂಡೆ. ಅದೂ ನಿಮ್ಮ ಭಾವ ಸೊಂಟ ನೋವು, ನಿಧಾನ ಹೋಗು ಅಂತ ನನ್ನ ಕೈಲಿ ಆಮೆ ಥರ ಓಡ್ಸಿದ್ರು, ಅದಕ್ಕೇ ಬಚಾವು," ಎಂದ.

ಡಯಾಲಿಸಿಸ್ ಮುಗಿಯುವವರೆಗೂ ಪುಕ್ಕಲ ವ್ಯಾನಿನ ಪಕ್ಕದಿಂದ ಕದಲಲಿಲ್ಲ. ಅಂದಾಜಿನ ಮೇಲೆ ಬಿಗಿಮಾಡಿದ್ದೇನೆ, ಎಲ್ಲರನ್ನೂ ಬಿಟ್ಟು ಸೀದಾ ಅಂಗಡಿಗೆ ಬಾ, ಮತ್ತೆ ನೋಡಬೇಕು ಎಂದು ಡ್ರೈವರಿಗೆ ಮೂರು ಸಲ ಹೇಳಿದ. ನಾನು ಯಜಮಾನರ ಜೊತೆ ವ್ಯಾನಿನಲ್ಲೇ ಕೂತೆ. ಅವನು ಸ್ಕೂಟರಿನಲ್ಲಿ ಹಿಂದೆ ಬಂದ.

ಇಳಿಜಾರಿನಲ್ಲಿ ಯಜಮಾನರು ಕಣ್ಣು ಮುಚ್ಚಿದ್ದರು. ನನಗೆ ಆಗ ಹೊಳೆಯಿತು.

"ಎಡಗಡೆದು ಅಂತ ನಿಮಗೆ ಹೇಗೆ ಗೊತ್ತಾಯ್ತು ರೀ?" ಮೆಲ್ಲಗೆ ಕೇಳಿದೆ.

"ಮೊದಲನೇ ತಿರುವಿನಲ್ಲೇ ಎಡಗಾಲ ಕೆಳಗೆ ಟಕ್ ಅಂತು. ಜೀವಮಾನವೆಲ್ಲ ಕೇಳಿದ ಶಬ್ದ."

"ಮತ್ತೆ ಗಾಡಿ ನಿಲ್ಸಿ ಅಂತ ಹೇಳೋಕೆ ಬಾಯಿರ್ಲಿಲ್ವಾ? ಸೊಂಟ ನೋವಂತೆ, ಸೊಂಟ ನೋವು!"

"ಹೇಳಿದ್ರೆ ಅವನ ತಪ್ಪು ಇಡೀ ಆಸ್ಪತ್ರೆಗೆ ಗೊತ್ತಾಗ್ತಿತ್ತು. ಅವನು ಮತ್ತೆ ಗುಂಡಿಗೆ ಇಳೀತಿದ್ನಾ? ನಿಧಾನಕ್ಕೆ ಹೋದ್ರೆ ತಲುಪ್ತೀವಿ ಅಂದ್ಕೊಂಡೆ."

"ನಿಮ್ಮ ಜೊತೆ ಇನ್ನೂ ಮೂರು ಜನ ಇದ್ರು. ಆ ಅಜ್ಜಿ ಇದ್ರು."

ಅವರು ಕಣ್ಣು ತೆರೆದರು. ಮುಂದಿನ ಸೀಟಿನಲ್ಲಿ ಅಜ್ಜಿ ಚೀಲ ತಬ್ಬಿಕೊಂಡು ತೂಕಡಿಸುತ್ತಿದ್ದರು.

"ಗೊತ್ತು ಕಣೇ. ಒಂದೊಂದು ತಿರುವಿಗೂ ಅವರ ಮುಖ ನೋಡ್ತಿದ್ದೆ. ಈಗ ನಿಲ್ಸು ಅಂತೀನಿ, ಈಗ ನಿಲ್ಸು ಅಂತೀನಿ ಅಂತ ಅಂದ್ಕೊಳ್ತಾನೇ ಬಂದೆ. ನಾನು ಯಾರನ್ನ ಪುಕ್ಕಲ ಅಂತ ಕರೀತಿದ್ದೆ ನೋಡು."

ಮನೆಗೆ ಹೋಗಲಿ, ಇವರಿಗೆ ಸರಿಯಾಗಿ ಮಾಡುತ್ತೇನೆ ಎಂದುಕೊಂಡಿದ್ದೆ. ಆದರೆ ತಿರುವು ಬಂದಾಗಲೆಲ್ಲ ಅವರು ಇನ್ನೂ ಕಾಲ ಕೆಳಗಿನ ಸದ್ದಿಗೆ ಕಿವಿಗೊಡುತ್ತಿದ್ದರು. ಅವರ ಕೈ ಹಿಡಿದುಕೊಂಡೆ.

ಕಿಟಕಿಯಲ್ಲಿ ಹೊರಗೆ ನೋಡಿದೆ. ಪುಕ್ಕಲ ವ್ಯಾನಿನ ಎಡಪಕ್ಕಕ್ಕೇ ಬಂದುಬಿಟ್ಟಿದ್ದ. ರಸ್ತೆ ನೋಡದೆ, ಕುತ್ತಿಗೆ ಉದ್ದ ಮಾಡಿ ನಮ್ಮ ಮುಂದಿನ ಚಕ್ರವನ್ನೇ ನೋಡುತ್ತಾ ಓಡಿಸುತ್ತಿದ್ದ. ಅವನಾಚೆ ಆ ಗಿಡ್ಡ ಕಟ್ಟೆ, ಕಟ್ಟೆಯಾಚೆ ಏನೂ ಇಲ್ಲ.

ಗಾಜು ಸರಿಸಿ, "ಮುಂದೆ ನೋಡಿ ಓಡ್ಸೋ!" ಎಂದು ಕೂಗಿದೆ.