ಅಜ್ಜ ಗೆದ್ದ ರೇಸು

ಕಾರ್ ರೇಸು ಎಂದರೆ ಇಸ್ತ್ರಿಯವಳಿಗೆ ಮೊದಲಿನಿಂದಲೂ ಆಗಿಬರುತ್ತಿರಲಿಲ್ಲ. ಹೊರಟ ಜಾಗಕ್ಕೇ ವಾಪಸು ಬರಲು ಗಂಡಸರು ಅಷ್ಟೊಂದು ಆತುರಪಡುವುದೇಕೆ ಎಂಬುದು ಅವಳ ಪ್ರಶ್ನೆ. ಮದುವೆಯಾದ ಹೊಸದರಲ್ಲಿ ಗಂಡ ಭಾನುವಾರ ಟಿವಿ ಮುಂದೆ ಕೂತರೆ, ಬೇಕೆಂದೇ ಅಡ್ಡ ನಿಂತು ಗಿರಾಕಿಗಳ ಬೆಡ್‌ಶೀಟ್ ಮಡಚುತ್ತಿದ್ದಳು. ಅಂಥವಳು ಈಗ ಯಾವ ಕಾರು ಯಾವ ತಿರುವಿನಲ್ಲಿ ಯಾವುದನ್ನು ಹಿಂದೆ ಹಾಕಿತು ಎಂದು ಪಟಪಟನೆ ಹೇಳುತ್ತಿದ್ದಳು. ಕಾರಣ ಇಷ್ಟೇ, ಗಂಡನಿಗೆ ಕಣ್ಣು ಹೋಗಿತ್ತು.

ಗಂಡ ಅಂಗಡಿ ಬೋರ್ಡು ಬರೆಯುವವನು. ಎಲ್ಲರಿಗೂ ಅವನು ಪೇಂಟರ್. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಅವನ ಕೈಬರಹವೇ. ಬಣ್ಣವೆಂದರೆ ಜೀವ ಬಿಡುತ್ತಿದ್ದವನಿಗೆ ಸಕ್ಕರೆ ಕಾಯಿಲೆ ಬಂದು, ಮೊದಲು ಒಂದು ಕಣ್ಣು, ಆಮೇಲೆ ಇನ್ನೊಂದು ಮಂಜಾಯಿತು. ದೇವರಿಗೆ ಕೀಳಲು ಬೇರೇನೂ ಸಿಗಲಿಲ್ಲವೇ ಎಂದು ಇಸ್ತ್ರಿಯವಳು ಬಾಯಿಬಿಟ್ಟೇ ಬೈದಿದ್ದಳು. ಅವನು ಮಾತ್ರ ಬೈಯಲಿಲ್ಲ. ರೇಸಿನ ದಿನ ಟಿವಿ ಹಾಕಿಸಿಕೊಂಡು ಎದುರಿಗೆ ಕೂತ.

ಟಿವಿಯಲ್ಲಿ ಮಾತಾಡುವವರ ಭಾಷೆ ಇಬ್ಬರಿಗೂ ಬಾರದು. ಹಾಗಾಗಿ ನೋಡಿ ಹೇಳುವ ಕೆಲಸ ಅವಳ ಪಾಲಿಗೆ ಬಂತು. ಮೊದಲ ದಿನ, "ಒಂದು ಹೋಯ್ತು, ಇನ್ನೊಂದು ಹೋಯ್ತು, ಮತ್ತೊಂದು ಹೋಯ್ತು" ಎಂದಳು.

"ಏನೇ, ಎಮ್ಮೆ ಎಣಿಸ್ತಿದೀಯಾ? ಬಣ್ಣ ಹೇಳು!"

"ಹಸಿರು ರೀ."

"ಯಾವ ಹಸಿರು?"

ಹೀಗೆ ಕೆಣಕಿ ಕೆಣಕಿ ಅವಳಿಗೆ ಕಲಿಸಿದ. ಗಿಳಿ ಹಸಿರು, ಬದನೆಕಾಯಿ ಬಣ್ಣ, ಹಳೇ ತಾಮ್ರದ ಬಣ್ಣ ಎಂದು ಅವಳು ಕಾರುಗಳಿಗೆ ಹೆಸರಿಟ್ಟಳು. ಗಿಳಿ ಹಸಿರು ಕಾರಿನ ಚಾಲಕನಿಗೆ ವಯಸ್ಸಾಗಿತ್ತು. ಗೆದ್ದು ಯಾವುದೋ ಕಾಲವಾಗಿತ್ತು. ಅವನನ್ನು ಗಂಡ ಹೆಂಡತಿ ಇಬ್ಬರೂ ಅಜ್ಜ ಎನ್ನುತ್ತಿದ್ದರು. ಪೇಂಟರ್‌ಗೆ ಅಜ್ಜನೆಂದರೆ ಪ್ರಾಣ. "ನೋಡ್ತಿರು, ಒಂದು ದಿನ ಗೆಲ್ತಾನೆ" ಎಂದು ಪ್ರತಿ ಸಲವೂ ಅನ್ನುತ್ತಿದ್ದ, ಅಜ್ಜ ಪ್ರತಿ ಸಲವೂ ಸೋಲುತ್ತಿದ್ದ.

ರೇಸಷ್ಟೇ ಅಲ್ಲ, ಲೋಕವೆಲ್ಲ ಅವನಿಗೆ ಅವಳ ಬಾಯಿಂದಲೇ ಕಾಣಬೇಕಿತ್ತು. ಎದುರು ಮನೆಯ ಗೋಡೆಗೆ ಹೊಡೆದ ಹೊಸ ಸುಣ್ಣ, ಸೊರಗಿದ ಅವನದೇ ಮುಖ, ಎಲ್ಲವನ್ನೂ ಅವಳೇ ಹೇಳಬೇಕು. ಅಪ್ಪನ ಜತೆ ಜಗಳವಾಡಿ ಮನೆ ಬಿಟ್ಟ ಮಗಳು ಕಳೆದ ವರ್ಷ ಒಂದೇ ಒಂದು ಸಲ ಬಂದಿದ್ದಳು. ಹೊಸ್ತಿಲಲ್ಲಿ ನಿಂತಳು, ಮಾತು ಹೆಚ್ಚು ಆಡಲಿಲ್ಲ, ಹೊರಟುಹೋದಳು. "ನಿಮ್ಮನ್ನ ನೋಡಿ ನಕ್ಳು ರೀ" ಎಂದು ಇಸ್ತ್ರಿಯವಳು ಹೇಳಿದ್ದಳು. ಆ ಒಂದು ನಗೆಯನ್ನು ಅವನು ಜೋಪಾನವಾಗಿ ಇಟ್ಟುಕೊಂಡಿದ್ದ. ಸುಮ್ಮನೆ ಕೂತವನು ಇದ್ದಕ್ಕಿದ್ದಂತೆ, "ಚಿಕ್ಕವಳಿದ್ದಾಗ ನಗ್ತಿದ್ಲಲ್ಲ, ಹಾಗೇನಾ?" ಎಂದು ಕೇಳುತ್ತಿದ್ದ. "ಹಾಗೇ" ಎಂದು ಅವಳು ಹೇಳುತ್ತಿದ್ದಳು. ಅದು ಅಪ್ಪಟ ನಿಜ.

ಈ ಸಲದ ರೇಸಿಗೆ ಮುಂಚಿನ ವಾರ ಆಸ್ಪತ್ರೆಗೆ ಹೋಗಿದ್ದರು. ಎರಡನೇ ಆಪರೇಷನ್ನೂ ಕೈಕೊಟ್ಟಿತ್ತು. ಡಾಕ್ಟರು ಮಾತು ಸುತ್ತಿ ಬಳಸಿ, "ಧೈರ್ಯವಾಗಿರಿ, ಮುಂದೆ ನೋಡೋಣ" ಎಂದರು. ಪೇಂಟರ್ "ಹೂಂ" ಎಂದ. ಆ ಹೂಂ ಇಸ್ತ್ರಿಯವಳಿಗೆ ಚೆನ್ನಾಗಿ ಗೊತ್ತು. ನಾಳೆ ದುಡ್ಡು ಕೊಡುತ್ತೇನೆ ಎನ್ನುವ ಗಿರಾಕಿಗೂ ಅವನು ಅದನ್ನೇ ಅನ್ನುತ್ತಿದ್ದ. ನಂಬಿಕೆಯಿಲ್ಲ, ಆದರೆ ನಿಮಗೆ ನೋವಾಗುವುದು ಬೇಡ ಎಂದು ಅದರ ಅರ್ಥ. ಮನೆಗೆ ಬಂದವನು ಗೋಡೆಯ ಕಡೆ ಮುಖ ಮಾಡಿ ಮಲಗಿದ. ತಟ್ಟೆ ಮುಂದಿಟ್ಟರೆ ಎರಡು ತುತ್ತಿಗೇ ಕೈ ತೊಳೆಯುತ್ತಿದ್ದ. ಶನಿವಾರ ಮಾತ್ರ, "ನಾಳೆ ರೇಸಿದೆಯಲ್ಲ?" ಎಂದ. ಅಷ್ಟಕ್ಕೇ ಅವಳಿಗೆ ಹೋದ ಜೀವ ಬಂದಂತಾಯಿತು.

ಭಾನುವಾರ ಗಡ್ಡ ಹೆರೆಸಿಕೊಂಡು, ಅವಳೇ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತ. ಇಪ್ಪತ್ತು ಕಾರುಗಳೂ ನಿಧಾನವಾಗಿ ಒಂದು ಸುತ್ತು ಬಂದವು. ಇನ್ನೇನು ಸಾಲಾಗಿ ನಿಂತು ಹೊರಡಬೇಕು, ಆಗ ಅಜ್ಜನ ಗಿಳಿ ಹಸಿರು ಕಾರು ಪಕ್ಕಕ್ಕೆ ತಿರುಗಿ, ರಿಪೇರಿ ಮಾಡುವ ಶೆಡ್ಡಿನೊಳಕ್ಕೆ ಹೋಯಿತು. ಅದರ ಹಿಂದೆ ಬದನೆಕಾಯಿ, ಅದರ ಹಿಂದೆ ತಾಮ್ರ. ಒಂದೊಂದಾಗಿ ಹದಿನೈದು ಕಾರು ಒಳಗೆ ಸೇರಿಕೊಂಡವು. ಚಾಲಕರು ಇಳಿದು ಹೆಲ್ಮೆಟ್ ತೆಗೆದರು. ರಸ್ತೆಯಲ್ಲಿ ಉಳಿದದ್ದು ಐದೇ. ಪರದೆಯ ಮೇಲೆ ಒಂದು ಟೈರನ್ನೂ ಒಂದು ತಿರುವನ್ನೂ ಮತ್ತೆ ಮತ್ತೆ ತೋರಿಸುತ್ತಿದ್ದರು. ಜನ ಎದ್ದು ನಿಂತು ಬಾಟಲಿ ಎಸೆಯುತ್ತಿದ್ದರು. ಏನಾಯಿತೆಂದು ಅವಳಿಗೆ ತಲೆಬುಡ ತಿಳಿಯಲಿಲ್ಲ. ರೇಸು ಕೆಟ್ಟಿತು ಎಂಬುದಷ್ಟೇ ತಿಳಿಯಿತು.

"ಹೊರಟ್ರಾ?" ಎಂದ ಪೇಂಟರ್. ಕುರ್ಚಿಯ ತುದಿಗೆ ಬಂದಿದ್ದ. ಮುಖದಲ್ಲಿ ವಾರದಿಂದ ಇಲ್ಲದ ಕಳೆ ಇತ್ತು.

ಆ ಮುಖ ನೋಡಿಕೊಂಡು ಇಲ್ಲವೆನ್ನಲು ಅವಳಿಂದಾಗಲಿಲ್ಲ.

"ಹೊರಟ್ರು ರೀ! ಅಜ್ಜ ಐದನೇ ಜಾಗದಲ್ಲಿದ್ದಾನೆ."

"ಸದ್ದೇ ಇಲ್ವಲ್ಲೇ?"

"ಮೇಲಿನ ಮನೆ ಮಗು ಮಲಗಿದೆ. ನಾನೇ ಕಡಿಮೆ ಮಾಡಿದೀನಿ. ಈ ಟಿವಿನೂ ಗೊಗ್ಗರು ಬಿದ್ದಿದೆ."

ಒಂದು ಸುಳ್ಳು ಮುಚ್ಚಲು ಹತ್ತು ಸುಳ್ಳು ಬೇಕು. ಅವಳು ಹತ್ತಲ್ಲ, ಎರಡು ಗಂಟೆಯ ರೇಸನ್ನೇ ಕಟ್ಟಿದಳು. ಬದನೆಕಾಯಿಯನ್ನು ಗೋಡೆಗೆ ಗುದ್ದಿಸಿದಳು. ತಾಮ್ರದ ಕಾರಿನಲ್ಲಿ ಹೊಗೆ ಬರಿಸಿದಳು. ಮಳೆ ತರಿಸೋಣವೆನಿಸಿತು, ಅತಿಯಾಯಿತೆಂದು ಬಿಟ್ಟಳು. ಬುದ್ಧಿವಂತಳಾಗಿದ್ದರೆ ಅಜ್ಜನನ್ನು ಎಂದಿನಂತೆ ಏಳನೆಯವನೋ ಎಂಟನೆಯವನೋ ಮಾಡಿ ಕೈ ತೊಳೆದುಕೊಳ್ಳುತ್ತಿದ್ದಳು. ಆದರೆ ಗಂಡ ಕುರ್ಚಿಯ ಕೈ ಹಿಡಿದು, "ಬಂದ್ನಾ? ಎಲ್ಲಿಗೆ ಬಂದ?" ಎಂದು ಕೇಳುತ್ತಿರುವಾಗ ಯಾವ ಹೆಂಡತಿಗೆ ತಾನೇ ಕೈ ಬಿಗಿಹಿಡಿಯಲು ಮನಸ್ಸು ಬಂದೀತು? ಅಜ್ಜ ಮೂರನೆಯವನಾದ, ಎರಡನೆಯವನಾದ. ಕೊನೆಯ ತಿರುವಿನಲ್ಲಿ ಒಳಗಿನಿಂದ ನುಗ್ಗಿ ಗೆದ್ದೇಬಿಟ್ಟ.

ಪೇಂಟರ್ ಚಪ್ಪಾಳೆ ತಟ್ಟಿದ. ಎದ್ದು ನಿಂತ. ಗೋಡೆ ತಡವಿಕೊಂಡು ಬಂದು ಅವಳ ಎರಡೂ ಕೈ ಹಿಡಿದುಕೊಂಡು, ಮಗುವಿನ ಹಾಗೆ ಅತ್ತ. "ಹೇಳಿರ್ಲಿಲ್ವಾ? ಗೆಲ್ತಾನೆ ಅಂತ ಹೇಳಿರ್ಲಿಲ್ವಾ?" ಆಮೇಲೆ ಹೊಟ್ಟೆ ತುಂಬ ಉಂಡ. ತನ್ನ ಜನ್ಮ ಸಾರ್ಥಕವಾಯಿತೆಂದು ಇಸ್ತ್ರಿಯವಳಿಗೆ ಅನ್ನಿಸಿತು.

ರೇಸು ಮುಗಿದ ಸಂಜೆ ಅವನ ಗೆಳೆಯರಿಬ್ಬರು ಬಂದು ಹರಟೆ ಕೊಚ್ಚುವುದು ಹಳೆಯ ರೂಢಿ. ಬೀದಿ ಮೂಲೆಯ ಟೈಲರ್ ಒಬ್ಬ, ಔಷಧಿ ಅಂಗಡಿಯವನು ಒಬ್ಬ. ಈ ಸಲ ಅವರನ್ನು ಬಾಗಿಲಲ್ಲೇ ತಡೆದು, ತಲೆನೋವೆಂದು ಮಲಗಿದ್ದಾರೆ ಎಂದು ಸಾಗಹಾಕಲು ಅವಳು ಹೊಸ್ತಿಲಲ್ಲಿ ಕಾದಿದ್ದಳು. ಆದರೆ ಅವರ ಜಗಳ ಅವರಿಗಿಂತ ಮುಂಚೆ ಮೆಟ್ಟಿಲು ಹತ್ತಿತ್ತು.

"ಹೇಡಿಗಳು ಕಣಯ್ಯಾ!" ಟೈಲರ್ ಕೂಗುತ್ತಿದ್ದ. "ಟೈರ್ ಸರಿ ಇಲ್ಲ ಅಂದ್ರೆ ನಿಧಾನಕ್ಕೆ ಓಡಿಸ್ಲಿ. ಹದಿನೈದು ಜನ ಶೆಡ್ಡಲ್ಲಿ ಕೂತ್ರೆ ನೋಡೋಕೆ ಬಂದ ಜನ ಏನು ಮಾಡ್ಬೇಕು?"

"ಆ ತಿರುವಲ್ಲಿ ನಮ್ಮ ಟೈರ್ ಹಿಡಿಯಲ್ಲ ಅಂತ ಕಂಪನಿಯವರೇ ಒಪ್ಕೊಂಡ್ರಲ್ಲ! ತಿರುವಿನ ಮುಂದೆ ವೇಗ ತಗ್ಗಿಸೋಕೆ ಏನಾದ್ರೂ ಮಾಡಿ ಅಂತ ಕೇಳ್ಕೊಂಡ್ರು. ರೇಸ್ ನಡೆಸೋರು ಬಗ್ಗಿದ್ರಾ? ಸತ್ರೆ ನಿಮ್ಮಪ್ಪ ಬರ್ತಾನಾ?" ಎಂದ ಔಷಧಿ ಅಂಗಡಿಯವನು.

"ಬೇರೆ ಕಂಪನಿ ಟೈರ್ ಹಾಕಿದ ಐದು ಕಾರು ಓಡಲಿಲ್ವಾ?"

ಮಾತು ಹರಿಯುತ್ತಲೇ ಇಬ್ಬರೂ ಒಳಗೆ ಬಂದರು. "ಅತ್ತಿಗೆ, ಚಹಾ" ಎಂದು ಔಷಧಿ ಅಂಗಡಿಯವನು ಕೂತ. "ಅಣ್ಣಾ, ನೀವೇ ಹೇಳಿ. ಮೊದಲು ಒಳಗೆ ಹೋದವನೇ ನಿಮ್ಮ ಅಜ್ಜ. ಮಾಡಿದ್ದು ಸರಿಯೋ ತಪ್ಪೋ?"

ಪೇಂಟರ್ ಹೆಂಡತಿಯಿದ್ದ ಕಡೆಗೆ ಮುಖ ತಿರುಗಿಸಿದ. ಮಧ್ಯಾಹ್ನವಿದ್ದ ಕಳೆ ಇಳಿದು, ಅದರ ಜಾಗದಲ್ಲಿ ಏನೂ ಉಳಿಯಲಿಲ್ಲ. ಆದರೆ ಹೆಂಡತಿಯ ಮಾನ ಗೆಳೆಯರೆದುರು ಕಳೆಯುವ ಪೈಕಿಯವನಲ್ಲ ಅವನು.

"ಅಜ್ಜ ಮಾಡಿದ್ದು ಸರಿ" ಎಂದ, ಎಲ್ಲ ಮೊದಲೇ ಗೊತ್ತಿದ್ದವನಂತೆ. "ಆಗಲ್ಲ ಅಂತ ನೇರವಾಗಿ ಹೇಳಿದ. ಮನಸ್ಸು ಮುರಿಯುತ್ತೆ, ಮುರೀಲಿ. ಐದು ಕಾರು ಸುತ್ತಿಸಿ, ಇದೇ ರೇಸು ಅಂತ ತೋರಿಸಿದ್ರಲ್ಲ, ಅದು ಮೋಸ."

ಅವಳು ಚಹಾದ ಲೋಟ ಇಟ್ಟು ಒಳಗೆ ಹೋದಳು. ಹಾಸಿಗೆ ಹೊದಿಕೆಯೊಂದನ್ನು ಹರವಿ, ಸುಕ್ಕಿಲ್ಲದ ಕಡೆಯೇ ಇಸ್ತ್ರಿ ಪೆಟ್ಟಿಗೆ ಉಜ್ಜತೊಡಗಿದಳು. ಹೊರಗೆ ಟೈಲರ್ ಇನ್ನೂ ಹೇಡಿಗಳನ್ನು ಬೈಯುತ್ತಿದ್ದ. ಅವರು ಹೊರಡುವಾಗ ಗಂಡ ಟೈಲರ್‌ಗೆ, "ಮುಂದಿನ ರೇಸಿಗೆ ಇಲ್ಲಿಗೇ ಬಂದುಬಿಡಯ್ಯಾ. ನೀನೇ ನೋಡಿ ಹೇಳು. ಇವಳಿಗೂ ಕೆಲಸ ಜಾಸ್ತಿ" ಎಂದದ್ದು ಅವಳಿಗೆ ಕೇಳಿಸಿತು. ರೇಸು ಎಂದರೆ ಆಗದಿದ್ದವಳಿಗೆ ನೋಡಿ ಹೇಳುವ ಆ ಕೆಲಸ ಹೋದದ್ದನ್ನು ತಡೆದುಕೊಳ್ಳಲಾಗಲಿಲ್ಲ.

ಗೆಳೆಯರು ಹೋದ ಮೇಲೆ ಅವಳು ಹೊರಗೆ ಬಂದು ಅವನ ಪಕ್ಕದಲ್ಲಿ ನಿಂತಳು. ಕೈಮುಗಿದು ಬೇಡಿಕೊಳ್ಳೋಣವೆಂದರೆ, ಮುಗಿದ ಕೈ ಅವನಿಗೆ ಕಾಣುವುದಿಲ್ಲ.

"ಸದ್ದು ಕಮ್ಮಿ ಅಂತ ನಂಗೆ ಅನ್ನಿಸಿತ್ತು" ಎಂದ ಪೇಂಟರ್. "ಟಿವಿನ ಬೈಕೊಂಡೆ. ನಿನ್ನ ಮೇಲೆ ಅನುಮಾನ ಬರಲೇ ಇಲ್ಲ ನೋಡು."

"ಊಟ ಬಿಟ್ಟಿದ್ರಿ. ನಿಮ್ಮ ಮುಖ ನೋಡೋಕಾಗ್ಲಿಲ್ಲ ರೀ."

"ಗೊತ್ತು." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವಳು ಅವನ ಕಾಲಾದರೂ ಹಿಡಿಯುತ್ತಿದ್ದಳು. "ಒಂದು ಕೇಳ್ತೀನಿ. ಹೇಳ್ತೀಯಾ?"

"ಕೇಳಿ."

"ಮಗಳು ಬಂದಿದ್ಲಲ್ಲ. ನನ್ನ ನೋಡಿ ನಕ್ಳು ಅಂದೆ. ನಕ್ಕಿದ್ಲಾ?"

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ಕಾಣದವನು ಯಾವುದನ್ನು ಹಿಡಿದು ಪ್ರಮಾಣಿಸಬೇಕು? ಅಂದು ಹೊಸ್ತಿಲಲ್ಲಿ ನಿಂತ ಮಗಳು, ಅಂಗಿಯ ಗುಂಡಿ ಮೇಲೆ ಕೆಳಗೆ ಹಾಕಿಕೊಂಡು ಕೂತಿದ್ದ ಅಪ್ಪನನ್ನು ನೋಡಿ ನಿಜವಾಗಿಯೂ ನಕ್ಕಿದ್ದಳು. ಚಿಕ್ಕವಳಿದ್ದಾಗ ನಗುತ್ತಿದ್ದ ಹಾಗೆಯೇ. ಅದನ್ನು ಕಂಡವಳು ಲೋಕದಲ್ಲಿ ಇವಳೊಬ್ಬಳೇ.

"ನಕ್ಕಿದ್ಲು ರೀ. ನನ್ನಾಣೆಗೂ ನಕ್ಕಿದ್ಲು."

"ಹೂಂ" ಎಂದ ಪೇಂಟರ್.

ಡಾಕ್ಟರಿಗೆ ಅಂದ ಅದೇ ಹೂಂ. ಇಸ್ತ್ರಿಯವಳು ಸೆರಗು ಬಾಯಿಗೆ ಒತ್ತಿಕೊಂಡಳು. ಎಷ್ಟು ಒತ್ತಿಕೊಂಡರೂ ಉಸಿರಿನ ಸದ್ದು ಹೊರಗೆ ಬಂತು. ಅವನು ಕೈ ಚಾಚಿ ಗಾಳಿಯಲ್ಲಿ ತಡಕಾಡಿ ಅವಳ ತೋಳು ಹಿಡಿದ.

"ಅಳ್ತಿದೀಯಾ?"

"ಇಲ್ಲ ರೀ" ಎಂದುಬಿಟ್ಟಳು.